ಅಪ್‌ಡೇಟ್: ಪೀಣ್ಯದ ಗೋದಾಮಿನ ಸ್ಕೂಟರ್ ಬ್ಯಾಟರಿಗಳು

ವಾಪಸು ಬಂದ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಹೊಸವುಗಳ ಜೊತೆಗೇ ಇಡಬಹುದೇ ಎಂದು ಕೇಳಿದ್ದೆ. ಬೇಡವೇ ಬೇಡ ಎಂದವರಿಗೆಲ್ಲ ಕೃತಜ್ಞತೆಗಳು. ಮರುದಿನವೇ ರಾಶಿ ತೆಗೆಸಿದೆವು. ತಳದಲ್ಲಿದ್ದ ಒಂದು ಪ್ಯಾಕ್ ಪೂರಿಯಂತೆ ಉಬ್ಬಿ ಮೂಲೆಯಲ್ಲಿ ಬಿರಿದಿತ್ತು. ಬಳಿ ಹೋದರೆ ನೈಲ್ ಪಾಲಿಶಿನಂಥ ಸಿಹಿ ವಾಸನೆ. ಅಂಥವುಗಳಿಗೆ ಈಗ ಕಟ್ಟಡದಿಂದ ದೂರ, ತಗಡಿನ ನೆರಳಿನಡಿ ಬೇರೆ ಜಾಗ. ಉಳಿದವನ್ನು ಸುಮಾರು ಶೇ 30ರಷ್ಟು ಚಾರ್ಜಿನಲ್ಲಿಡುತ್ತೇವೆ. ಬ್ಯಾಟರಿಗೆ ಬೆಂಕಿ ಬಿದ್ದರೆ ಪುಡಿ ಎರಚುವ ಅಗ್ನಿಶಾಮಕ ಸಿಲಿಂಡರ್ ಸಾಕೆಂಬ ನನ್ನ ನಂಬಿಕೆಯೂ ಹೋಯಿತು: ಜ್ವಾಲೆ ಆರಿದರೂ ಒಳಗಿನ ಕೋಶಗಳು ಮತ್ತೆ ಹೊತ್ತಿಕೊಳ್ಳುತ್ತವೆ, ತಣಿಸಲು ಧಾರಾಳ ನೀರೇ ಬೇಕು.

2022ರಲ್ಲಿ ಸಿಕಂದರಾಬಾದಿನಲ್ಲಿ ವಿದ್ಯುತ್ ಸ್ಕೂಟರ್ ಮಳಿಗೆಗೆ ಬೆಂಕಿ ಬಿದ್ದು, ಹೊಗೆ ಮೇಲಿನ ವಸತಿಗೃಹಕ್ಕೆ ನುಗ್ಗಿ 8 ಜನ ಸತ್ತರು. ನಮ್ಮ ಗೋದಾಮಿನ ಮೇಲೂ ಕಾವಲುಗಾರರ ಕುಟುಂಬ ಮಲಗುತ್ತಿತ್ತು. ಅವರಿಗೆ ಪಕ್ಕದ ಬೀದಿಯಲ್ಲಿ ಮನೆ ಹಿಡಿದುಕೊಟ್ಟಿದ್ದೇವೆ.