20 ಇಂಚಿನ ಫೋಲ್ಡಿಂಗ್ ಸೈಕಲ್, ಬಾವುಟಗುಡ್ಡೆಯ ಏರು: ಗೇರ್ ಇಳಿಸುವುದು ಹೇಗೆ?

ರೈಲುಸೈಕಲ್:

ಎಲ್ಲರಿಗೂ ನಮಸ್ಕಾರ. ನಾನು ಮಂಜೇಶ್ವರದವಳು. ಬೆಳಗ್ಗೆ ಸೈಕಲ್ ಮಡಚಿ ರೈಲು ಹತ್ತುತ್ತೇನೆ, ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದು ಬಿಚ್ಚುತ್ತೇನೆ. ಸ್ಟೇಷನ್ನಿನಿಂದ ಹಂಪನಕಟ್ಟೆ, ಅಲ್ಲಿಂದ ಬಾವುಟಗುಡ್ಡೆ ಹತ್ತಿ ಜ್ಯೋತಿ ಸರ್ಕಲ್ ದಾಟಿದರೆ ಬಲ್ಮಠದಲ್ಲಿ ನನ್ನ ಆಫೀಸು. ದೂರ ಏನೂ ಅಲ್ಲ. ಕಷ್ಟ ಇರುವುದು ಏರಿನಲ್ಲಿ.

ಸೈಕಲ್ 20 ಇಂಚಿನದು. ಮುಂದೆ ಒಂದೇ ಚೈನ್‌ರಿಂಗ್ (ಪೆಡಲಿನ ಹತ್ತಿರದ ಹಲ್ಲಿನ ಚಕ್ರ), 52 ಹಲ್ಲು. ಹಿಂದೆ 7 ಗೇರಿನ ಫ್ರೀವೀಲ್ (ಹಿಂದಿನ ಚಕ್ರದ ಹಲ್ಲಿನ ಚಕ್ರಗಳ ಗೊಂಚಲು), 14ರಿಂದ 28 ಹಲ್ಲು. ತೂಕ 13 ಕೆಜಿ. ಬಾವುಟಗುಡ್ಡೆಯ ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಕಾಲೇಜಿನ ಹತ್ತಿರ ಬರುವಾಗ ಅತಿ ಹಗುರದ ಗೇರ್ ಹಾಕಿದರೂ ಪೆಡಲ್ ತಿರುಗುವುದಿಲ್ಲ. ಎದ್ದು ನಿಂತು ತುಳಿದರೆ ಹ್ಯಾಂಡಲ್ಲಿನ ಉದ್ದ ಕಂಬ ಆಚೆ ಈಚೆ ಬಾಗುತ್ತದೆ. ಹಿಂದೆ ಸಿಟಿ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ. ಸಂಜೆ ಮೊಣಕಾಲು ನೋಯುತ್ತದೆ.

ಒಂದು ಅಂಗಡಿಯಲ್ಲಿ ಕೇಳಿದೆ. "ಫೋಲ್ಡಿಂಗ್ ಸೈಕಲ್ ಗುಡ್ಡೆಗೆ ಆಗುವುದಿಲ್ಲ, ಮಾರಿಬಿಡಿ" ಅಂದರು. ಮಾರಲು ನನಗೆ ಮನಸ್ಸಿಲ್ಲ. ರೈಲಿನಲ್ಲಿ ತರಲು ಬೇರೆ ಸೈಕಲ್ ಆಗುವುದಿಲ್ಲ ಅಲ್ವಾ? ಮೋಟರ್ ಹಾಕಿಸಿದರೆ ತೂಕ ಜಾಸ್ತಿಯಾಗಿ ಪ್ಲಾಟ್‌ಫಾರ್ಮ್ ಮೆಟ್ಟಿಲಲ್ಲಿ ಎತ್ತಲು ಆಗುವುದಿಲ್ಲ.

ಮುಂದಿನ 52 ಹಲ್ಲನ್ನು ಚಿಕ್ಕದು ಮಾಡಬೇಕೋ, ಹಿಂದಿನ ಫ್ರೀವೀಲ್ ಬದಲಿಸಬೇಕೋ? ಎರಡರಲ್ಲಿ ಯಾವುದರಿಂದ ಹೆಚ್ಚು ಪ್ರಯೋಜನ? ಮಡಚುವಾಗ ಏನಾದರೂ ಅಡ್ಡ ಬರುತ್ತದೆಯೇ?

ಪಡುಬಿದ್ರೆ ಸವಾರ:

ಮುಂದೆ ಎರಡು ಚೈನ್‌ರಿಂಗ್ ಹಾಕಿಸಿ. 52 ಹಾಗೇ ಇರಲಿ, ಒಳಗೆ 38ರದ್ದು ಒಂದು ಸೇರಿಸಿ. ಸಪಾಟು ರಸ್ತೆಗೆ ದೊಡ್ಡದು, ಏರಿಗೆ ಚಿಕ್ಕದು. ನನ್ನ ಮಾಮೂಲಿ ಗೇರ್ ಸೈಕಲ್‌ನಲ್ಲಿ ಹಾಗೆಯೇ ಇದೆ, ಸುಖವಾಗಿದೆ.

ಕದ್ರಿಗುಡ್ಡೆ:

ನಾನು ಐಟಿಐಯಲ್ಲಿ ಟರ್ನರ್ ಟ್ರೇಡ್ ಕಲಿಸುತ್ತಿದ್ದವನು. ಈಗ ನಿವೃತ್ತಿ. ಮನೆ ಕದ್ರಿಯಲ್ಲಿ, ಹಾಗಾಗಿ ಎಲ್ಲಿಗೆ ಹೋದರೂ ವಾಪಸ್ ಬರುವಾಗ ಏರು ಹತ್ತಲೇಬೇಕು. ನನ್ನದೂ 20 ಇಂಚಿನ ಫೋಲ್ಡಿಂಗ್ ಸೈಕಲ್ಲೇ, ನಿಮ್ಮದೇ ಲೆಕ್ಕದ ಗೇರಿನದ್ದು. ಅದನ್ನು ಬದಲಿಸಿಕೊಂಡು ಓಡಿಸುತ್ತಿದ್ದೇನೆ. ಮಾರಬೇಡಿ ಮಾರಾಯ್ರೇ, ಇದು ಖಂಡಿತ ಆಗುವ ಕೆಲಸ.

ಮೊದಲು ಲೆಕ್ಕ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, ಚಕ್ರದ ವ್ಯಾಸದಿಂದ ಗುಣಿಸಿ. ಬರುವ ಸಂಖ್ಯೆಗೆ ಗೇರ್ ಇಂಚು ಅನ್ನುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ತುಳಿಯುವುದು ಹಗುರ. 20 ಇಂಚಿನ ಚಕ್ರಕ್ಕೆ 1.75ರ ಟೈರ್ ಇದ್ದರೆ ನಿಜವಾದ ವ್ಯಾಸ 19.7 ಇಂಚು ಆಸುಪಾಸು. ನಿಮ್ಮ ಅತಿ ಹಗುರದ ಗೇರ್, ಅಂದರೆ 52 ಮತ್ತು 28, ಸುಮಾರು 37 ಇಂಚು ಆಗುತ್ತದೆ. ಗುಡ್ಡೆಗೆ ಇದು ತುಂಬ ಭಾರ. ಚಕ್ರ ಚಿಕ್ಕದಾದ್ದರಿಂದ ಒಂದು ಸುತ್ತಿಗೆ ಕಡಿಮೆ ದೂರ ಹೋಗುತ್ತದೆ. ಅದನ್ನು ಸರಿದೂಗಿಸಲು ಮುಂದೆ ದೊಡ್ಡ ಚೈನ್‌ರಿಂಗ್ ಕೊಡುತ್ತಾರೆ. ಸಪಾಟು ಊರಿಗೆ ಅದು ಸರಿ. ಮಂಗಳೂರು ಸಪಾಟು ಊರಲ್ಲ.

ಈಗ ನಿಮ್ಮ ಪ್ರಶ್ನೆ. ಮುಂದೆ 52 ಹಾಗೇ ಇಟ್ಟು ಹಿಂದೆ 34 ಹಾಕಿದರೆ 30 ಇಂಚು. ಹಿಂದೆ 28 ಹಾಗೇ ಇಟ್ಟು ಮುಂದೆ 42 ಹಾಕಿದರೂ ಹೆಚ್ಚುಕಮ್ಮಿ 30 ಇಂಚೇ. ಯಾವುದಾದರೂ ಒಂದನ್ನು ಮಾಡಿದರೆ ಸಿಗುವ ಲಾಭ ಒಂದೇ. ಎರಡನ್ನೂ ಮಾಡಿದರೆ 24 ಇಂಚಿಗೆ ಇಳಿಯುತ್ತದೆ. ನಾನು ಹೇಳುವುದು ಎರಡನ್ನೂ ಮಾಡಿ ಅಂತ.

ಯಾಕೆ ಅಷ್ಟು ಕೆಳಗೆ? ಮಾಮೂಲಿ ಸೈಕಲ್‌ನಲ್ಲಿ ಏರು ಬಂದರೆ ಎದ್ದು ನಿಂತು, ಹ್ಯಾಂಡಲ್ ಎಳೆದು ತುಳಿಯಬಹುದು. ಫೋಲ್ಡಿಂಗ್ ಸೈಕಲ್‌ನಲ್ಲಿ ಹಾಗೆ ಮಾಡಲೇಬಾರದು. ಹ್ಯಾಂಡಲ್ ಕಂಬ ಉದ್ದ, ಅದರ ಬುಡದಲ್ಲಿ ಕೀಲು. ನೀವು ಎಳೆದ ಬಲವೆಲ್ಲ ಆ ಕೀಲಿನ ಮೇಲೆ ಬೀಳುತ್ತದೆ. ಅಲ್ಲಿ ಸಡಿಲವಾದರೆ ಮುಖ ನೆಲಕ್ಕೆ. ನೀವು ಹೇಳಿದ ಬಾಗುವಿಕೆ ಅದೇ. ಆದ್ದರಿಂದ ನಮ್ಮ ಸೈಕಲ್‌ನಲ್ಲಿ ಏರನ್ನು ಕೂತೇ ಹತ್ತಬೇಕು. ಕೂತು ಹತ್ತಲು ಬೇರೆ ಸೈಕಲ್‌ಗಳಿಗಿಂತ ಹಗುರದ ಗೇರ್ ಬೇಕು. ನನ್ನ ಪ್ರಕಾರ ಫೋಲ್ಡಿಂಗ್ ಸೈಕಲ್ ಗೇರ್ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಬಲದ ಲೆಕ್ಕವನ್ನೂ ನೋಡಿ. ನೀವು, ಸೈಕಲ್, ಬ್ಯಾಗ್ ಎಲ್ಲ ಸೇರಿ 85 ಕೆಜಿ ಇಟ್ಟುಕೊಳ್ಳಿ. ಏರು ಶೇಕಡಾ 10, ಅಂದರೆ 100 ಮೀಟರ್ ಹೋದರೆ 10 ಮೀಟರ್ ಮೇಲೆ. ನಿಮಿಷಕ್ಕೆ 60 ಸುತ್ತು ತುಳಿಯುತ್ತೀರಿ. 37 ಇಂಚಿನ ಗೇರಿನಲ್ಲಿ ಗಂಟೆಗೆ ಹತ್ತೂವರೆ ಕಿಲೋಮೀಟರ್ ವೇಗ ಆಗುತ್ತದೆ, ಅದಕ್ಕೆ ಸುಮಾರು 265 ವ್ಯಾಟ್ ಬೇಕು. ಚೆನ್ನಾಗಿ ಅಭ್ಯಾಸ ಇರುವ ಸವಾರರಿಗೆ ಮಾತ್ರ ಅದು ಸುಲಭ. 24 ಇಂಚಿನಲ್ಲಿ ಅದೇ 60 ಸುತ್ತಿಗೆ ವೇಗ 7 ಕಿಲೋಮೀಟರ್, ಬೇಕಾದ್ದು 180 ವ್ಯಾಟಿನೊಳಗೆ. 50 ಸುತ್ತಿಗೆ ಇಳಿಸಿದರೆ 150. ಕೆಲವು ನಿಮಿಷ ಅಷ್ಟು ಕೊಡುವುದು ನಮ್ಮಂಥವರಿಗೂ ಆಗುತ್ತದೆ. ಗುಡ್ಡೆ ಅದೇ, ನೀವೂ ಅವರೇ. ಅವಸರ ಮಾಡದೆ ಹತ್ತಲು ಗೇರ್ ಬಿಡುತ್ತದೆ, ಅಷ್ಟೇ.

22 ಇಂಚಿಗಿಂತ ಕೆಳಗೆ ಹೋಗಬೇಡಿ. ವೇಗ ನಡಿಗೆಯ ಹತ್ತಿರ ಬರುತ್ತದೆ, ಚಿಕ್ಕ ಚಕ್ರದಲ್ಲಿ ಬ್ಯಾಲೆನ್ಸ್ ಸಿಗುವುದಿಲ್ಲ.

ಪಡುಬಿದ್ರೆಯವರು ಹೇಳಿದ ಎರಡು ಚೈನ್‌ರಿಂಗ್ ಕೆಟ್ಟ ಉಪಾಯ ಅಲ್ಲ. ಆದರೆ ಹೆಚ್ಚಿನ ಫೋಲ್ಡಿಂಗ್ ಸೈಕಲ್‌ಗಳಲ್ಲಿ ಮುಂದಿನ ಡಿರೈಲರ್ (ಗೇರ್ ಬದಲಿಸಲು ಚೈನನ್ನು ಸರಿಸುವ ಸಾಧನ) ಕೂರಿಸಲು ಜಾಗ ಇರುವುದಿಲ್ಲ. ಸೀಟಿನ ಪೈಪ್ ದಪ್ಪ, ಮಾಮೂಲಿ ಕ್ಲಾಂಪ್ ಹಿಡಿಯುವುದಿಲ್ಲ. ಬೇರೆ ಅಡಾಪ್ಟರ್ ತರಿಸಬೇಕು. ಮತ್ತೊಂದು ಕೇಬಲ್ ಬಂದರೆ ಮಡಚುವಾಗ ಅದೂ ಬಾಗಬೇಕು. ದಿನಾ ರೈಲಿನಲ್ಲಿ ಮಡಚುವವರಿಗೆ ಅದು ಬೇಡ.

ರೈಲುಸೈಕಲ್:

ಸರ್, ತುಂಬ ಉಪಕಾರ. ಕೂತು ಹತ್ತಬೇಕು ಅನ್ನುವುದನ್ನು ಇದುವರೆಗೆ ಯಾರೂ ಹೇಳಿರಲಿಲ್ಲ.

ಇನ್ನೆರಡು ವಿಷಯ ಕೇಳಬೇಕಿತ್ತು. ನನ್ನ ಚೈನ್‌ರಿಂಗ್ ಕ್ರ್ಯಾಂಕಿಗೆ (ಪೆಡಲ್ ಸಿಕ್ಕಿಸುವ ತೋಳಿಗೆ) ರಿವೆಟ್ ಹೊಡೆದು ಸೇರಿಸಿದ ಹಾಗೆ ಕಾಣುತ್ತದೆ, ಬೋಲ್ಟ್ ಇಲ್ಲ. ಅದನ್ನು ಹೇಗೆ ಬದಲಿಸುವುದು? ಹಿಂದೆ 34 ಹಾಕಿದರೆ ಈಗಿರುವ ಡಿರೈಲರ್ ಸಾಕೇ? ಮುಂದೆ ಚಿಕ್ಕದು ಮಾಡಿದರೆ ಸಪಾಟಿನಲ್ಲಿ ವೇಗ ಎಷ್ಟು ಕಡಿಮೆಯಾಗುತ್ತದೆ ಅಂತಲೂ ಹೇಳಿ. ಸಂಜೆ ರೈಲು ಹಿಡಿಯಬೇಕಲ್ಲ.

ಕದ್ರಿಗುಡ್ಡೆ:

ವೇಗದ ಚಿಂತೆ ಬಿಡಿ. 42 ಮತ್ತು 14ರಲ್ಲಿ 59 ಇಂಚು ಬರುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ ಇಪ್ಪತ್ತೆರಡೂವರೆ ಕಿಲೋಮೀಟರ್. ಹಂಪನಕಟ್ಟೆಯ ಟ್ರಾಫಿಕ್‌ನಲ್ಲಿ ಅದಕ್ಕಿಂತ ಜೋರು ಹೋಗಲು ಜಾಗ ಎಲ್ಲಿದೆ? ಇನ್ನು ಸಂಜೆ ನಿಮಗೆ ಇಳಿಜಾರು. ಅಲ್ಲಿ ಬೇಕಾದ್ದು ಬ್ರೇಕ್.

ರಿವೆಟ್ ಇದ್ದರೆ ಚೈನ್‌ರಿಂಗ್ ಮಾತ್ರ ಬದಲಿಸಲು ಬರುವುದಿಲ್ಲ. ಬಲಗಡೆಯ ಕ್ರ್ಯಾಂಕನ್ನೇ ಬದಲಿಸಬೇಕು. ನಿಮ್ಮ ಬಾಟಮ್ ಬ್ರ್ಯಾಕೆಟ್ (ಕ್ರ್ಯಾಂಕ್ ತಿರುಗುವ ಆಕ್ಸಲ್ಲಿನ ಭಾಗ) ಹೆಚ್ಚಾಗಿ ಚೌಕದ ಆಕ್ಸಲ್ಲಿನದ್ದೇ ಇರುತ್ತದೆ, ಕ್ಯಾಪ್ ತೆಗೆದು ನೋಡಿ. ಹೊಸ ಕ್ರ್ಯಾಂಕ್ ತೆಗೆದುಕೊಳ್ಳುವಾಗ ಬೋಲ್ಟ್ ಇರುವುದನ್ನೇ ತೆಗೆದುಕೊಳ್ಳಿ, ಮುಂದೆ ಹಲ್ಲು ಬದಲಿಸಬೇಕು ಅನ್ನಿಸಿದರೆ ಸುಲಭ. ಬೋಲ್ಟ್‌ಗಳ ವೃತ್ತದ ವ್ಯಾಸ ಕೇಳಿ. 130 ಮಿಲಿಮೀಟರ್‌ದಾದರೆ 38 ಹಲ್ಲಿಗಿಂತ ಚಿಕ್ಕದು ಕೂರುವುದಿಲ್ಲ. 110ರದ್ದಾದರೆ 34ರವರೆಗೂ ಇಳಿಯಬಹುದು. ಕ್ರ್ಯಾಂಕ್ ಬಿಚ್ಚಲು ಪುಲ್ಲರ್ ಬೇಕು. ಸುತ್ತಿಗೆಯಿಂದ ಹೊಡೆಯಲು ಯಾರಿಗೂ ಬಿಡಬೇಡಿ. ಪೆಡಲ್ ತೆಗೆಯುವಾಗ ಎಡಗಡೆಯದ್ದು ಉಲ್ಟಾ ಮರೆ (ಥ್ರೆಡ್) ಅನ್ನುವುದು ನೆನಪಿರಲಿ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. 52 ಹಲ್ಲಿನ ಚೈನ್‌ರಿಂಗ್‌ಗೆ 10.5 ಸೆಂಟಿಮೀಟರ್ ತ್ರಿಜ್ಯ, 42ಕ್ಕೆ 8.5. ಅಂದರೆ ಮುಂಭಾಗದಲ್ಲಿ ಚೈನ್ 2 ಸೆಂಟಿಮೀಟರ್ ಕೆಳಗೆ ಬರುತ್ತದೆ. ಆಗ ಕೆಲವು ಫ್ರೇಮ್‌ಗಳಲ್ಲಿ ಚೈನು ಹಿಂದಿನ ಪೈಪಿಗೆ ಉಜ್ಜುತ್ತದೆ. ಆ ಎತ್ತರದಿಂದ ಹಿಂದಿನ 14ರ ಹಲ್ಲಿನ ಮೇಲಕ್ಕೆ ಒಂದು ದಾರ ಎಳೆದು ಹಿಡಿದು ನೋಡಿ. ಪೈಪಿಗೆ ತಾಗದಿದ್ದರೆ ಸರಿ.

ಹಿಂದಿನದ್ದು. ಶಿಮಾನೋ ಟೂರ್ನಿಯ 7 ಗೇರಿನ ಫ್ರೀವೀಲ್‌ನಲ್ಲಿ 14-34ರದ್ದು ಬರುತ್ತದೆ, ಮೆಗಾರೇಂಜ್ ಅಂತ. ಹಲ್ಲುಗಳು 14, 16, 18, 20, 22, 24, ಆಮೇಲೆ ಒಮ್ಮೆಲೇ 34. 14-28ರದ್ದರಲ್ಲೂ ಮೊದಲ ಆರು ಇವೇ. ಕೊನೆಯದ್ದು ಮಾತ್ರ ಬೇರೆ. ಹಾಗಾಗಿ ಸಪಾಟಿನಲ್ಲಿ ನಿಮಗೆ ಅಭ್ಯಾಸವಾದ ಹಂತಗಳೇ ಇರುತ್ತವೆ, ಕಡಿದಾದ ಏರಿಗೆ ಅಂತ ಒಂದು ದೊಡ್ಡ ಹಲ್ಲು ಕಾದಿರುತ್ತದೆ. 24ರಿಂದ 34ಕ್ಕೆ ಜಿಗಿತ ದೊಡ್ಡದು. ಏರು ಶುರುವಾಗುವ ಮೊದಲೇ ಗೇರ್ ಹಾಕಿಬಿಡಿ. ಒತ್ತಿ ತುಳಿಯುತ್ತಿರುವಾಗ ಹಾಕಿದರೆ ಚೈನ್ ಕಿರುಚುತ್ತದೆ.

ಡಿರೈಲರ್ ಚಿಕ್ಕ ಕೇಜಿನದ್ದಾದರೆ (ಕೇಜ್ ಅಂದರೆ ಅದರ ಎರಡು ಪುಲ್ಲಿ ಇರುವ ಕೆಳಗಿನ ತೋಳು) 34ಕ್ಕೆ ಮುಟ್ಟುವುದಿಲ್ಲ. ಟೂರ್ನಿ ಟಿವೈ300 34ರವರೆಗೆ ಹೋಗುತ್ತದೆ, ಬೆಲೆಯೂ ಕಡಿಮೆ. ಅದರ ಕೇಜ್ ಉದ್ದ. ನಮ್ಮ ಚಕ್ರದ ಆಕ್ಸಲ್ ನೆಲದಿಂದ 25 ಸೆಂಟಿಮೀಟರ್ ಮಾತ್ರ ಎತ್ತರ ಇರುವುದರಿಂದ ಕೇಜ್ ನೆಲದ ಹತ್ತಿರ ಇಳಿಯುತ್ತದೆ. ರಸ್ತೆಯಂಚಿನ ಕಲ್ಲು, ಪ್ಲಾಟ್‌ಫಾರ್ಮಿನ ಅಂಚು ತಾಗದ ಹಾಗೆ ನೋಡಿಕೊಳ್ಳಿ. ಮಡಚಿ ಇಡುವಾಗಲೂ ಸೈಕಲ್ ಡಿರೈಲರ್ ಮೇಲೆ ಒರಗಬಾರದು. ರೈಲಿನಲ್ಲಿ ಯಾರದ್ದೋ ಸೂಟ್‌ಕೇಸ್ ಬಡಿದರೆ ಹ್ಯಾಂಗರ್ (ಡಿರೈಲರ್ ಸಿಕ್ಕಿಸುವ ತುಂಡು) ಬಾಗುತ್ತದೆ, ಆಮೇಲೆ ಗೇರ್ ನಿಲ್ಲುವುದಿಲ್ಲ.

ಫ್ರೀವೀಲ್ ಬಿಚ್ಚುವುದು ಸ್ವಲ್ಪ ಶಕ್ತಿಯ ಕೆಲಸ. ತುಳಿದಷ್ಟೂ ಅದು ಮರೆಯಲ್ಲಿ ಬಿಗಿಯಾಗುತ್ತಾ ಹೋಗಿರುತ್ತದೆ. ನಮ್ಮ ಕಡಲ ಗಾಳಿಗೆ ತುಕ್ಕೂ ಹಿಡಿದಿರುತ್ತದೆ. ಹಿಂದಿನ ದಿನವೇ ಎಣ್ಣೆ ಬಿಡಿ. 12 ಗೀರಿನ ರಿಮೂವರನ್ನು ವೈಸ್‌ನಲ್ಲಿ ಹಿಡಿದು, ಅದರ ಮೇಲೆ ಚಕ್ರ ಕೂರಿಸಿ, ಇಡೀ ಚಕ್ರವನ್ನೇ ಎಡಕ್ಕೆ ತಿರುಗಿಸಿ. ಹೊಸದು ಹಾಕುವಾಗ ಮರೆಗೆ ಗ್ರೀಸ್ ಹಚ್ಚಿ.

ಚೈನ್ ಉದ್ದವನ್ನು ಮತ್ತೆ ಅಳೆಯಬೇಕು. ಡಿರೈಲರ್ ಬಿಟ್ಟು, ಮುಂದಿನ 42 ಮತ್ತು ಹಿಂದಿನ 34ರ ಮೇಲೆ ಸುತ್ತಿ, ಎರಡು ಕೊಂಡಿ ಸೇರಿಸಿ ಕತ್ತರಿಸಿ. ಕೊನೆಗೆ ಡಿರೈಲರಿನ ಬಿ-ಸ್ಕ್ರೂ ತಿರುಗಿಸಿ ಮೇಲಿನ ಪುಲ್ಲಿ 34ಕ್ಕೆ ಉಜ್ಜದ ಹಾಗೆ ಮಾಡಿ.

ಚೈನ್‌ರಿಂಗ್‌ಗೆ ಹೊರಗಡೆ ಒಂದು ಗಾರ್ಡ್ ಇರಲಿ. ಮಡಚುವಾಗ ಚೈನು ಸಡಿಲವಾಗಿ ಹೊರಕ್ಕೆ ಬೀಳುವುದು ನಿಲ್ಲುತ್ತದೆ, ಚೂಡಿದಾರಕ್ಕೂ ಎಣ್ಣೆ ತಾಗುವುದಿಲ್ಲ.

ಎಡಿನ್‌ಬರೋ ಕನ್ನಡಿಗ:

ಇಲ್ಲಿಯೂ ಏರಿಗೆ ಬರ ಇಲ್ಲ. ಪ್ರಿನ್ಸಸ್ ಸ್ಟ್ರೀಟ್‌ನಿಂದ ಮೌಂಡ್ ರಸ್ತೆ ಹತ್ತಿ ಹಳೇ ಪೇಟೆಗೆ ಹೋಗುವುದು ನನ್ನ ದಾರಿ. ನನ್ನದು ಬ್ರಾಂಪ್ಟನ್ ಕಂಪನಿಯ ಫೋಲ್ಡಿಂಗ್ ಸೈಕಲ್, 16 ಇಂಚಿನ ಚಕ್ರ, 6 ಗೇರ್. ಅದರಲ್ಲಿ ಹಿಂದಿನ ಚಕ್ರದ ಹಬ್ (ನಡುಭಾಗ) ಒಳಗೆ 3 ಗೇರ್, ಹೊರಗೆ 13 ಮತ್ತು 16 ಹಲ್ಲಿನ ಎರಡು ಚಕ್ರ. ಹಾಗಾಗಿ ಹಿಂದೆ ದೊಡ್ಡ ಹಲ್ಲು ಹಾಕುವ ದಾರಿ ಇಲ್ಲ. ಮುಂದಿನ 50ನ್ನು 44ಕ್ಕೆ ಇಳಿಸಿದೆ. ಎಲ್ಲ ಗೇರೂ ಶೇಕಡಾ 12 ಹಗುರವಾಗುತ್ತದೆ. ಅತಿ ಕೆಳಗಿನದು 33 ಇಂಚಿನಿಂದ 29ಕ್ಕೆ ಬಂತು. ಕದ್ರಿಯವರ 24ಕ್ಕೆ ಹೋಲಿಸಿದರೆ ಇನ್ನೂ ಭಾರವೇ. ಗುಡ್ಡದ ಊರಿಗೆ ಡಿರೈಲರ್ ಇರುವ 20 ಇಂಚಿನ ಸೈಕಲ್ ಒಳ್ಳೆಯದು ಅಂತ ನನಗನ್ನಿಸುತ್ತದೆ, ಬದಲಿಸಲು ಜಾಗ ಇರುತ್ತದೆ.

ಇನ್ನೊಂದು ಮಾತು. ಬ್ಯಾಗನ್ನು ಹಿಂದಿನ ಕ್ಯಾರಿಯರ್‌ನಲ್ಲಿ ಇಡಬೇಡಿ, ಮುಂದೆ ಹಾಕಿ. ಕಡಿದಾದ ಏರಿನಲ್ಲಿ ಕೂತು ತುಳಿಯುವಾಗ ಭಾರವೆಲ್ಲ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಗುರವಾಗುತ್ತದೆ, ದಿಕ್ಕು ತಪ್ಪುತ್ತದೆ. ಮುಂದೆ ಎರಡು ಮೂರು ಕೆಜಿ ಇದ್ದರೂ ವ್ಯತ್ಯಾಸ ಗೊತ್ತಾಗುತ್ತದೆ.

ಕದ್ರಿಗುಡ್ಡೆ:

ಬ್ಯಾಗಿನ ಮಾತು ನೂರಕ್ಕೆ ನೂರು ಸರಿ.

ಬ್ರೇಕ್ ಬಗ್ಗೆ ಹೇಳದೆ ಬಿಡಲು ಮನಸ್ಸಾಗುವುದಿಲ್ಲ. ಗೇರ್ ಇಳಿಸಿದ ಮೇಲೆ ಮೊದಲು ಹೋಗದ ಗುಡ್ಡೆಗಳಿಗೂ ನೀವು ಹೋಗುತ್ತೀರಿ. ಹತ್ತಿದ್ದನ್ನೆಲ್ಲ ಇಳಿಯಬೇಕು. ಚಿಕ್ಕ ರಿಮ್ಮಿನಲ್ಲಿ ಲೋಹ ಕಡಿಮೆ, ಬ್ರೇಕ್ ಹಿಡಿದೇ ಇದ್ದರೆ ಬೇಗ ಬಿಸಿಯಾಗುತ್ತದೆ. ಊರೊಳಗಿನ ಇಳಿಜಾರಿಗೆ ತೊಂದರೆ ಇಲ್ಲ. ಚಾರ್ಮಾಡಿಯಂಥ ಘಾಟಿ ಇಳಿಯುವುದಾದರೆ ನಡುನಡುವೆ ನಿಂತು ರಿಮ್ ತಣಿಯಲು ಬಿಡಿ. ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣು ರಿಮ್ಮಿಗೆ ಅಂಟಿ ಪ್ಯಾಡನ್ನು ಅರದ ಹಾಗೆ ತಿನ್ನುತ್ತದೆ. ರಿಮ್ಮನ್ನು ಬಟ್ಟೆಯಲ್ಲಿ ಒರೆಸುತ್ತಿರಿ. ಪ್ಯಾಡಿನ ಗೀರು ಮಾಯವಾಗುವ ಮೊದಲೇ ಬದಲಿಸಿ.

ಫ್ರೇಮಿನ ಕೀಲು, ಹ್ಯಾಂಡಲ್ ಕಂಬದ ಕೀಲು ಎರಡರ ಲ್ಯಾಚನ್ನೂ ಪ್ರತಿ ಸಲ ಬಿಚ್ಚಿದಾಗ ಕೈಯಿಂದ ಒತ್ತಿ ನೋಡಿ. ಈಗಾಗಲೇ ಕಂಬ ಬಾಗುತ್ತಿದೆ ಅಂದಿದ್ದೀರಿ. ಗೇರ್ ಕೆಲಸಕ್ಕೆ ಮೊದಲು ಆ ಲ್ಯಾಚ್ ಬಿಗಿ ಮಾಡಿಸಿ.

ರೈಲುಸೈಕಲ್:

ನಿನ್ನೆ ಕ್ಯಾಪ್ ತೆಗೆದು ನೋಡಿದೆ, ಚೌಕದ ಆಕ್ಸಲ್ಲೇ. ದಾರ ಎಳೆದೂ ನೋಡಿದೆ, ಪೈಪಿಗೂ ದಾರಕ್ಕೂ ನಡುವೆ ಒಂದು ಬೆರಳು ಜಾಗ ಉಳಿಯುತ್ತದೆ. ಲ್ಯಾಚ್ ಬಿಗಿ ಮಾಡಿಸಿದ್ದೇನೆ, ಕಂಬದ ಅಲುಗಾಟ ಅರ್ಧ ಕಡಿಮೆಯಾಗಿದೆ.

ಫ್ರೀವೀಲ್ ಮತ್ತು ಡಿರೈಲರ್ ಮೊದಲು ಹಾಕಿಸುತ್ತೇನೆ, 30 ಇಂಚಿನಲ್ಲಿ ಹೇಗಿದೆ ನೋಡಿ, ಮುಂದಿನ ಸಂಬಳಕ್ಕೆ 110ರ ಕ್ರ್ಯಾಂಕ್. ಸರ್, 12 ಗೀರಿನ ರಿಮೂವರ್ ನಿಮ್ಮ ಹತ್ತಿರ ಇದ್ದರೆ ಒಂದು ಶನಿವಾರ ಕದ್ರಿಗೆ ಚಕ್ರ ತರಲೇ?

ಕದ್ರಿಗುಡ್ಡೆ:

ತನ್ನಿ. ವೈಸೂ ಇದೆ. ಚಕ್ರ ಒಂದೇ ಸಾಲದು, ಸೈಕಲ್ಲನ್ನೇ ತನ್ನಿ, ಚೈನು ಅಲ್ಲೇ ಅಳೆದು ಕತ್ತರಿಸೋಣ.