ಪುಣೆ ಜಿಲ್ಲೆಯ ಹಿಂಗಾರಿ ಜೋಳ: ಎಸ್‌ಪಿಐಗೂ ಇಳುವರಿಗೂ ತಾಳೆಯಾಗುತ್ತಿಲ್ಲ

ಎರೆಹೊಲ, ಪುಣೆ:
ಜಿಲ್ಲೆಯ ಹಿಂಗಾರಿ ಜೋಳದ 22 ವರ್ಷಗಳ ಇಳುವರಿ ಅಂಕಿ ಇದೆ. ಮಳೆಗೆ ಹವಾಮಾನ ಇಲಾಖೆಯ 0.25 ಡಿಗ್ರಿ ಚೌಕಗಳ ಮಾಹಿತಿಯಿಂದ ಇಡೀ ಜಿಲ್ಲೆಯ ಸರಾಸರಿ ತೆಗೆದಿದ್ದೇನೆ. ಬೆಳೆ ಹೊಲದಲ್ಲಿರುವ ಡಿಸೆಂಬರ್–ಫೆಬ್ರವರಿಯ ಎಸ್‌ಪಿಐ (ಮಳೆ ವಾಡಿಕೆಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಹೇಳುವ ಸೂಚ್ಯಂಕ; ಸೊನ್ನೆಯೆಂದರೆ ವಾಡಿಕೆ, ಋಣಸಂಖ್ಯೆಯೆಂದರೆ ಕೊರತೆ) ಹಾಕಿದರೆ ಇಳುವರಿಯೊಂದಿಗಿನ ಸಹಸಂಬಂಧ (ಎರಡೂ ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ, ಪೂರ್ತಿ ತಾಳೆಯಾದರೆ 1) 0.1 ಕೂಡ ದಾಟುವುದಿಲ್ಲ. 2018ರ ಬರವೂ ಕಾಣುತ್ತಿಲ್ಲ. ಮಳೆಯ ಜೊತೆ ಆವಿಯಾಗುವ ನೀರನ್ನೂ ಲೆಕ್ಕಕ್ಕೆ ಹಿಡಿಯುವ ಎಸ್‌ಪಿಇಐಗೆ ಹೋಗಲೇ?

ಹಸ್ತಮಳೆ:
ಸೂಚ್ಯಂಕಕ್ಕಿಂತ ಮೊದಲು ತಿಂಗಳು ಬದಲಿಸಿ. ಈ ಬೆಳೆ ಬದುಕುವುದು ಹುಬ್ಬೆಯಿಂದ ಚಿತ್ತಿವರೆಗಿನ ಮಳೆ ಎರೆಮಣ್ಣಿನಲ್ಲಿ ಬಿಟ್ಟುಹೋದ ಹಸಿಯ ಮೇಲೆ. ಅಕ್ಟೋಬರ್ ಕೊನೆಗೆ ಮುಗಿಯುವ ಎರಡು ತಿಂಗಳ ಎಸ್‌ಪಿಐ ಹೆಚ್ಚುಕಡಿಮೆ ಇದೇ ಅವಧಿಯನ್ನು ಹಿಡಿಯುತ್ತದೆ. ಚಳಿಗಾಲದ ಎಸ್‌ಪಿಐಗೆ ಇನ್ನೊಂದು ಕೇಡಿದೆ: ನೂರರಲ್ಲಿ 60 ವರ್ಷ ಮಳೆ ಸೊನ್ನೆಯಾದರೆ, ಹನಿ ಬೀಳದ ವರ್ಷಕ್ಕೂ ಸೂತ್ರ +0.25 ಕೊಡುತ್ತದೆ. ಬರವೇ ಕಾಣದಿರುವುದು ಅದಕ್ಕೇ.

ಗಾಮಾ ವಿತರಣೆಯನ್ನು (ಮಳೆಯ ಅಂಕಿಯನ್ನು ಎಸ್‌ಪಿಐ ಆಗಿ ಬದಲಿಸಲು ಬಳಸುವ ಸಂಭವನೀಯತೆಯ ರೇಖೆ) ಈ 22 ವರ್ಷಕ್ಕಷ್ಟೇ ಹೊಂದಿಸಬೇಡಿ. ಕನಿಷ್ಠ 30 ವರ್ಷ ಬೇಕು, ಮಳೆಯ ದಾಖಲೆ 1901ರಿಂದಲೇ ಸಿಗುತ್ತದೆ. ವರ್ಷದ ಜೋಡಣೆಯನ್ನೂ ನೋಡಿ. 2018-19ರ ಇಳುವರಿಯ ಎದುರು 2018ರ ಅಕ್ಟೋಬರ್ ಬರಬೇಕು. ಕೊಯ್ಲು 2019ರಲ್ಲಾಯಿತೆಂದು ಆ ವರ್ಷದ ಮಳೆ ಕೂರಿಸಿದರೆ ಇಡೀ ಸರಣಿ ಒಂದು ವರ್ಷ ಜಾರುತ್ತದೆ.

ಇಂದಾಪುರದಾಚೆ:
ಜಿಲ್ಲಾ ಸರಾಸರಿಯನ್ನು ದಯವಿಟ್ಟು ಕೈಬಿಡಿ. ಮಾವಳ, ಮುಳಶಿಯ ಘಟ್ಟದ ಮಳೆ ಬಾರಾಮತಿ, ಇಂದಾಪುರದ ಕೊರತೆಯನ್ನು ನುಂಗಿಹಾಕುತ್ತದೆ. ಜೋಳ ಬೆಳೆಯುವ ಪೂರ್ವ ತಾಲೂಕುಗಳ ಚೌಕಗಳನ್ನಷ್ಟೇ ಇಟ್ಟುಕೊಳ್ಳಿ, ಇಳುವರಿಯೂ ತಾಲೂಕುವಾರು ಸಿಕ್ಕರೆ ಒಳ್ಳೆಯದು. ನೀರಾವರಿ ಜೋಳವನ್ನು ಬೇರೆ ಮಾಡಿ.

ಇಳುವರಿಯಲ್ಲಿ ತಳಿ, ಗೊಬ್ಬರದಿಂದ ಬಂದ ಏರಿಕೆಯನ್ನು ನೇರ ಗೆರೆ ಎಳೆದು ಕಳೆಯಿರಿ, ಉಳಿಕೆಯನ್ನು ಎಸ್‌ಪಿಐ ಜೊತೆ ಹೋಲಿಸಿ. ಐದು ವರ್ಷದ ಚಲಿಸುವ ಸರಾಸರಿ ಬೇಡ, ಬೆನ್ನುಬೆನ್ನಿಗೆ ಬಂದ ಎರಡು ಬರಗಳನ್ನು ಅದೇ ತಿಂದುಬಿಡುತ್ತದೆ. 22 ವರ್ಷಕ್ಕೆ ಸಹಸಂಬಂಧ 0.42 ದಾಟಿದರೆ ಮಾತ್ರ ಶೇ. 5ರ ಮಟ್ಟದಲ್ಲಿ (ಸಂಬಂಧವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಬರುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ) ನಂಬಬಹುದು. ಹತ್ತಾರು ತಿಂಗಳು-ಅವಧಿಗಳನ್ನು ಪ್ರಯತ್ನಿಸಿ ಚೆನ್ನಾಗಿ ಬಂದದ್ದನ್ನು ಆರಿಸಿದರೆ ಆ ಮಿತಿಗೂ ಅರ್ಥವಿಲ್ಲ. ಚುಕ್ಕೆಗಳನ್ನು ಕಣ್ಣಾರೆ ನೋಡಿ: ಅತಿಮಳೆಯಲ್ಲಿ ಎರೆ ಹದಕ್ಕೆ ಬಾರದೆ ಬಿತ್ತನೆ ತಡವಾಗಿ ಇಳುವರಿ ಮತ್ತೆ ಇಳಿಯುತ್ತದೆ, ನೇರ ಗೆರೆ ಅದನ್ನು ತೋರಿಸುವುದಿಲ್ಲ.

ಹಸ್ತಮಳೆ:
ಎಸ್‌ಪಿಇಐ ಆಮೇಲೆ ಸೇರಿಸಿ. ಆವಿಯಾಗುವಿಕೆಗೆ ಥಾರ್ನ್‌ಥ್ವೇಟ್ ಸೂತ್ರ ಸಾಲದು, ಬಿಸಿ ಒಣನಾಡಿನಲ್ಲಿ ಅದು ಕಡಿಮೆ ತೋರಿಸುತ್ತದೆ. ಗರಿಷ್ಠ, ಕನಿಷ್ಠ ತಾಪಮಾನವಿದ್ದರೆ ಹಾರ್ಗ್ರೀವ್ಸ್ ಸೂತ್ರ ಬಳಸಿ. ಆದರೂ ಮಣ್ಣಿನ ಆಳ ಯಾವ ಸೂಚ್ಯಂಕದಲ್ಲೂ ಇಲ್ಲ. ಆಳವಾದ ಎರೆ ಮೀಟರಿಗೆ ಸುಮಾರು 150ರಿಂದ 200 ಮಿ.ಮೀ. ನೀರನ್ನು ಬೆಳೆಗೆಂದು ಹಿಡಿದಿಡುತ್ತದೆ, ಅರ್ಧ ಮೀಟರಿನ ನೆಲ ಅದರ ಅರ್ಧ. ಸೂಚ್ಯಂಕದ ಒಂದೇ -1.2 ಒಂದು ಹೊಲದಲ್ಲಿ ಕಾಳು ಕಟ್ಟಿಸುತ್ತದೆ, ಪಕ್ಕದ ಹೊಲದಲ್ಲಿ ತೆನೆಯನ್ನೇ ಒಣಗಿಸುತ್ತದೆ. ಹಾಗಾಗಿ ತಾಲೂಕುಗಳನ್ನು ಮಣ್ಣಿನ ಆಳದ ಮೇಲೆ ಎರಡು ಗುಂಪು ಮಾಡಿ, ಬೇರೆಬೇರೆಯಾಗಿ ಲೆಕ್ಕ ಹಾಕಿ.