ವಸಂತನರಸಾಪುರದ ಗೋಡೌನ್‌ನಲ್ಲಿ 1,000 ಜನರ ಫಿಟ್‌ನೆಸ್ ಹಬ್ಬ: ಏನೇನು ಕೈಕೊಡಬಹುದು?

ಪ್ರಶ್ನೆ (ತುಮಕೂರು ಇವೆಂಟ್ಸ್): ಇಂಡಸ್ಟ್ರಿಯಲ್ ಏರಿಯಾದಲ್ಲಿ 60,000 ಚದರಡಿಯ ಖಾಲಿ ಗೋಡೌನ್ ಸಿಕ್ಕಿದೆ. ಜಿಮ್ ಬಟ್ಟೆ ಬ್ರ್ಯಾಂಡ್ ಒಂದರ ಹಬ್ಬ, ಮಾರ್ಚ್ ಕೊನೇಲಿ, ಒಂದೇ ದಿನ. ಗುಂಪು ವರ್ಕೌಟ್, ಡೆಡ್‌ಲಿಫ್ಟ್ (ನೆಲದಿಂದ ಭಾರದ ಬಾರ್ ಎತ್ತೋ) ಸ್ಪರ್ಧೆ, 20 ಟ್ರೆಡ್‌ಮಿಲ್, ಸ್ಟಾಲ್‌ಗಳು. ಲೈಟು, ಸ್ಪೀಕರ್ ಎಲ್ಲ ಚಾವಣಿಯಿಂದಲೇ ತೂಗುಹಾಕಿ ಅಂತಿದಾರೆ. ಆಗುತ್ತಾ?

ಟ್ರಸ್ ಮೇಸ್ತ್ರಿ: ಬೇಡ ಸರ್. ಶೀಟ್ ಹೊತ್ತಿರೋ ಪರ್ಲಿನ್ ಅಂದ್ರೆ ಎರಡು ಮಿಮೀ ಆಸುಪಾಸಿನ ತೆಳು ತಗಡಿನ ಪಟ್ಟಿ. ಶೀಟಿನ ಭಾರ, ಗಾಳಿ, ಒಂದಿಷ್ಟು ವೈರಿಂಗು, ಅಷ್ಟಕ್ಕೇ ಲೆಕ್ಕ ಹಾಕಿರ್ತಾರೆ. ಒಂದೇ ಜಾಗಕ್ಕೆ 300 ಕೆಜಿ ಬಿಟ್ರೆ ಅದು ತಿರುಚಿಕೊಳ್ಳುತ್ತೆ. ಮುಖ್ಯ ರಾಫ್ಟರ್‌ಗೆ (ಪರ್ಲಿನ್ ಹೊತ್ತಿರೋ ದಪ್ಪ ಉಕ್ಕಿನ ತೊಲೆ) ಹಾಕಲೇಬೇಕು ಅಂದ್ರೆ ಯಾವ ಜಾಗಕ್ಕೆ ಎಷ್ಟು ಕೆಜಿ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಬರೆದು ಸಹಿ ಹಾಕಿದ ಪತ್ರ ಬೇಕು. ಇಲ್ಲಾಂದ್ರೆ ನೆಲದಿಂದಲೇ ಎದ್ದ ಗ್ರೌಂಡ್ ಸಪೋರ್ಟ್ ಟ್ರಸ್ (ಲೋಹದ ಪೈಪಿನ ಚೌಕಟ್ಟು) ಹಾಕಿ. ಬೇಸ್ ಪ್ಲೇಟ್ ಕೆಳಗೆ 18 ಮಿಮೀ ಪ್ಲೈವುಡ್ ಇಡಿ. ಬ್ಯಾನರ್ ಕೂಡ ಅದಕ್ಕೇ ಕಟ್ಟಿ.

ತುಮಕೂರು ಇವೆಂಟ್ಸ್: ಆಯ್ತು, ಚಾವಣಿ ಬಿಟ್ಟೆ. ರೋಲಿಂಗ್ ಶಟರ್ ಆರಿವೆ, ಹೊರಗೆ ಹೋಗೋಕೆ ಅಷ್ಟು ಸಾಕಲ್ವಾ?

ಫೈರ್ ಸೇಫ್ಟಿ: ಶಟರ್ ತುರ್ತು ಬಾಗಿಲು ಅಲ್ಲ. ಕರೆಂಟ್ ಹೋದ್ರೆ ಮೋಟಾರ್ ನಿಲ್ಲುತ್ತೆ, ಆ ಗಡಿಬಿಡೀಲಿ ಚೈನ್ ಎಳೆಯೋರು ಯಾರು? ಕಾರ್ಯಕ್ರಮ ಮುಗಿಯೋ ತನಕ ಮೇಲೆತ್ತಿ ಲಾಕ್ ಮಾಡಿಡಿ. ಮತ್ತೆ ಅವೆಲ್ಲ ಲಾರಿ ಡಾಕ್ (ಲಾರಿಗೆ ಸರಕು ತುಂಬೋ ಕಟ್ಟೆ) ಆಗಿದ್ರೆ ಹೊರಗೆ ನಾಲ್ಕಡಿ ಆಳ ಇರುತ್ತೆ. ನುಗ್ಗೋ ಜನ ಬೀಳೋದು ಅಲ್ಲೇ. ರೇಲಿಂಗ್ ಇರೋ ಮೆಟ್ಟಿಲು ಕಟ್ಟಿಸಿ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ತಲೆಗೆ ಸಮತಟ್ಟು ದಾರಿಗೆ 6.5 ಮಿಮೀ, ಮೆಟ್ಟಿಲಿಗೆ 10 ಮಿಮೀ ಅಗಲ. 1,000 ಜನಕ್ಕೆ ಮೆಟ್ಟಿಲೇ ಆದ್ರೆ ಒಟ್ಟು 10 ಮೀಟರ್, ಅದೂ ಬೇರೆ ಬೇರೆ ಗೋಡೇಲಿ. ಒಂದೇ ಮೂಲೇಲಿ ಎಲ್ಲ ಇಟ್ರೆ ಪ್ರಯೋಜನ ಇಲ್ಲ. ಕಪ್ಪು ಪರದೆಯಿಂದ ಬಾಗಿಲು ಮುಚ್ಚೋ ಡೆಕೊರೇಟರ್ ಮೇಲೆ ಒಂದು ಕಣ್ಣಿರಲಿ.

ಲೈನ್‌ಮ್ಯಾನ್ ಅಣ್ಣ: ಟ್ರೆಡ್‌ಮಿಲ್ ಒಂದಕ್ಕೆ 2 ಕಿಲೋವ್ಯಾಟ್ ಹಿಡಿದ್ರೆ 20ಕ್ಕೆ 40. ಅದಕ್ಕೇ ಅಂತ 62.5 ಕೆವಿಎ ಜನರೇಟರ್ ಒಂದು. ಸೌಂಡ್, ಎಲ್ಇಡಿ ವಾಲ್‌ಗೆ ಬೇರೆ. ಎರಡನ್ನೂ ಒಂದಕ್ಕೇ ಹಾಕಿದ್ರೆ ಮೋಟಾರ್ ಸ್ಟಾರ್ಟ್ ಆದಾಗೆಲ್ಲ ಪರದೆ ಮಿಣುಕುತ್ತೆ. ಇದಕ್ಕಿಂತ ಅಪಾಯ ಲೂಸ್ ನ್ಯೂಟ್ರಲ್, ಅಂದ್ರೆ ನ್ಯೂಟ್ರಲ್ ತಂತಿ ಸಡಿಲ ಆಗೋದು: 230 ವೋಲ್ಟ್ ಇರ್ಬೇಕಾದ ಕಡೆ 400ರ ಹತ್ರ ಹೋಗಿ ಆಂಪ್ಲಿಫೈಯರ್ ಸುಟ್ಟು ಹೋಗುತ್ತೆ. ಪ್ಲಗ್ ಹಾಕೋ ಮುಂಚೆ ಪ್ರತಿ ಡಿಬಿ ಬಾಕ್ಸಲ್ಲಿ (ಕರೆಂಟ್ ಹಂಚೋ ಪೆಟ್ಟಿಗೆ) ಮೂರೂ ಫೇಸ್‌ನಿಂದ ನ್ಯೂಟ್ರಲ್‌ಗೆ ಮೀಟರ್ ಹಿಡಿದು ನೋಡಿ.

ಸೌಂಡ್ ಮತ್ತು ನೆಲ: ತಗಡಿನ ಶೆಡ್ಡಲ್ಲಿ ಒಂದೇ ಕಡೆ ದೊಡ್ಡ ಸ್ಪೀಕರ್ ರಾಶಿ ಹಾಕಿದ್ರೆ ಕೋಚ್ ಹೇಳೋ ಎಣಿಕೆ ಪ್ರತಿಧ್ವನೀಲಿ ಕಲಸಿಹೋಗುತ್ತೆ. 12-15 ಮೀಟರಿಗೊಂದು ಸಣ್ಣ ಸ್ಪೀಕರ್ ಇಟ್ಟು, ವೇದಿಕೆಯಿಂದ ದೂರ ಇರೋ ಸ್ಪೀಕರಿಗೆ ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ಡಿಲೇ (ತಡ) ಕೊಡಿ.

ವರ್ಕೌಟ್‌ಗೆ ತಲೆಗೆ 2×2 ಮೀಟರ್ ಜಾಗ. 1,000 ಜನ ಒಟ್ಟಿಗೆ ಅಂದ್ರೆ 43,000 ಚದರಡಿ ಅದಕ್ಕೇ ಹೋಯ್ತು, ಹಾಗಾಗಿ 500ರ ಎರಡು ಬ್ಯಾಚ್ ಮಾಡಿ. ಮ್ಯಾಟ್ ಹಾಸೋ ಮುಂಚೆ ನೆಲ ಒರೆಸಿ. ಸಿಮೆಂಟ್ ಧೂಳಿನ ಮೇಲೆ ಮ್ಯಾಟ್ ಜಾರುತ್ತೆ. ಡೆಡ್‌ಲಿಫ್ಟ್‌ಗೆ ಎಂಟಡಿ ಚೌಕ: 18 ಮಿಮೀ ಪ್ಲೈ ಎರಡು ಪದರ ಅಡ್ಡಡ್ಡ, ಪ್ಲೇಟ್ ಬೀಳೋ ಎರಡೂ ಬದಿಗೆ 25 ಮಿಮೀ ರಬ್ಬರ್. ಕಾಂಕ್ರೀಟ್ ಜಾಯಿಂಟ್ ಮೇಲೆ ಮಾತ್ರ ಇಡಬೇಡಿ, ಅಂಚು ಒಡೆದ್ರೆ ಗೋಡೌನ್ ಮಾಲೀಕರು ಅಡ್ವಾನ್ಸಲ್ಲೇ ಮುರ್ಕೋತಾರೆ.

ಡಕ್ಟ್ ಕೂಲರ್ ಹಾಕಿದ್ರೆ ಎದುರು ಗೋಡೇಲಿ ಗಾಳಿ ಹೊರಹೋಗೋ ದಾರಿ ಇರಲಿ, ಇಲ್ಲಾಂದ್ರೆ ಸೆಖೆ ಜಾಸ್ತಿಯಾಗುತ್ತೆ. ಜೋರು ವರ್ಕೌಟ್ ಎಲ್ಲ ಬೆಳಿಗ್ಗೆ ಹತ್ತು ಗಂಟೆಯೊಳಗೆ ಮುಗಿಸಿ. ಆದ್ರೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕೋ ಹಾಗಿಲ್ಲ, ಸೌಂಡ್ ಚೆಕ್ ಹಿಂದಿನ ಸಂಜೆನೇ ಆಗ್ಬೇಕು. ನೀರು ತಲೆಗೆ 2 ಲೀಟರ್ ಅಂದ್ರೆ 20 ಲೀಟರ್ ಕ್ಯಾನ್ 100.